ಸಿಡಿ4 ಬರೀ 40 ಇದೆ, ತಮ್ಮ ಉಳಿಯುತ್ತಾನಾ?

ತಮ್ಮನಿಗೆ ಎಚ್‌ಐವಿ ಇರುವುದು ಈಗಷ್ಟೇ ಗೊತ್ತಾಯಿತು, ಪಿಸಿಪಿ (ಒಂದು ಬಗೆಯ ಶಿಲೀಂಧ್ರದಿಂದ ಬರುವ) ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದಾನೆ, ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ) ಬರೀ 40, ಉಳಿಯುತ್ತಾನಾ ಅಂತ ಕೇಳಿದ್ದೀರಿ.

ನಾನು ನರ್ಸ್. ಇಂಥ ರೋಗಿಗಳನ್ನು ವರ್ಷಗಟ್ಟಲೆ ನೋಡಿಕೊಂಡಿದ್ದೇನೆ. ಮನೆಯವರೆಲ್ಲ ಮೊದಲು ಹೆದರುವುದು ಸಿಡಿ4 ನೋಡಿಯೇ. ಅದು 200ಕ್ಕಿಂತ ಕೆಳಗಿಳಿದರೆ ಈ ನ್ಯುಮೋನಿಯಾ ಬರುವ ಅಪಾಯ ಜಾಸ್ತಿ, ನಿಜ. ಆದರೆ ಈಗ ಪಾರಾಗುತ್ತಾರಾ ಅನ್ನುವುದನ್ನು ಅದೊಂದೇ ಹೇಳುವುದಿಲ್ಲ.

ಹೆಚ್ಚು ತಿಳಿಸುವುದು ರಕ್ತದಲ್ಲಿರುವ ಆಕ್ಸಿಜನ್. ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ ಮಾಡಿರುತ್ತಾರೆ, ಅದರ ರಿಪೋರ್ಟ್ ಕೇಳಿ. ಹೊರಗಿನಿಂದ ಆಕ್ಸಿಜನ್ ಕೊಡದೆ ನೋಡಿದಾಗ ಅದರಲ್ಲಿ ಆಕ್ಸಿಜನ್ ಒತ್ತಡ (PaO2) 70 mmHgಗಿಂತ ಕಡಿಮೆ ಇದ್ದರೆ ಕಾಯಿಲೆ ಜೋರಾಗಿದೆ ಅಂತ ಲೆಕ್ಕ. ಆಗ ಈ ನ್ಯುಮೋನಿಯಾದ ಮುಖ್ಯ ಔಷಧಿ ಕೋಟ್ರೈಮಾಕ್ಸಜೋಲ್ ಜೊತೆಗೆ ಸ್ಟೀರಾಯ್ಡ್ ಕೂಡ ಕೊಡಬೇಕು, ಅದೂ ಔಷಧಿ ಶುರುವಾದ 72 ಗಂಟೆಯೊಳಗೆ. ಇದರಿಂದ ಎಷ್ಟೋ ಜೀವ ಉಳಿದಿದೆ.

ಆಮೇಲೆ ಅಲ್ಬುಮಿನ್, ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನ್. ಅದು ತೀರಾ ಇಳಿದಿದ್ದರೆ, ಮೈ ಸೊರಗಿ ಹೋಗಿದ್ದರೆ ದೇಹಕ್ಕೆ ಹೋರಾಡುವ ಶಕ್ತಿ ಕಡಿಮೆ. 2000ದಲ್ಲಿ ಅಮೆರಿಕದ ವೈದ್ಯರು ಆಕ್ಸಿಜನ್ ಕೊರತೆ, ಅಲ್ಬುಮಿನ್, ಸೊರಗುವಿಕೆ ಈ ಮೂರನ್ನೇ ಇಟ್ಟುಕೊಂಡು ರೋಗಿಗಳನ್ನು ಐದು ಹಂತಗಳಾಗಿ ವಿಂಗಡಿಸಿದ್ದರು. ಅತಿ ಕೆಟ್ಟ ಹಂತದಲ್ಲಿದ್ದವರಲ್ಲೂ ಸುಮಾರು ಅರ್ಧದಷ್ಟು ಜನ ಬದುಕಿ ಮನೆಗೆ ಹೋಗಿದ್ದರು. ದಯವಿಟ್ಟು ಇದನ್ನು ನೆನಪಿಡಿ.

ವೆಂಟಿಲೇಟರ್ ಹಾಕುವ ಪರಿಸ್ಥಿತಿ ಬಂದರೆ ಅಪಾಯ ಜಾಸ್ತಿಯೇ. ಶ್ವಾಸಕೋಶ ತೂತಾಗಿ ಎದೆಯೊಳಗೆ ಗಾಳಿ ತುಂಬಿಕೊಂಡರೆ ಇನ್ನೂ ಕಷ್ಟ. ಸುಮ್ನೆ ಧೈರ್ಯ ಹೇಳೋದಕ್ಕೆ ಇದನ್ನು ನಿಮ್ಮಿಂದ ಮುಚ್ಚಿಡಲಾರೆ.

ಇನ್ನೊಂದು ಮಾತು. ಔಷಧಿ ಶುರುವಾದ ಮೊದಲ ಮೂರ್ನಾಲ್ಕು ದಿನ ಉಸಿರಾಟ ಇನ್ನೂ ಕೆಡಬಹುದು. ಮದ್ದು ಹಿಡಿಯುತ್ತಿಲ್ಲ ಅಂತ ಎಷ್ಟೋ ಮನೆಯವರು ಆಗಲೇ ಡಿಸ್ಚಾರ್ಜ್ ಮಾಡಿಸಿಕೊಂಡು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಔಷಧಿ 21 ದಿನ ಪೂರ್ತಿ ಆಗಬೇಕು. ಎಚ್‌ಐವಿಯ ಎಆರ್‌ಟಿ ಮಾತ್ರೆಯನ್ನು ಸಾಮಾನ್ಯವಾಗಿ ಈ ಔಷಧಿ ಶುರುವಾದ ಎರಡು ವಾರದೊಳಗೇ ಶುರು ಮಾಡುತ್ತಾರೆ, ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಅದು ಉಚಿತ.

ಇವತ್ತು ಡಾಕ್ಟರು ರೌಂಡ್ಸ್‌ಗೆ ಬಂದಾಗ ಎಬಿಜಿ ಎಷ್ಟಿದೆ, ಸ್ಟೀರಾಯ್ಡ್ ಶುರುವಾಗಿದೆಯಾ, ಎಆರ್‌ಟಿ ಯಾವಾಗ ಅಂತ ಕೇಳಿ. ಒಳಗೆ ಬಿಟ್ಟಾಗ ತಮ್ಮನ ಕೈ ಹಿಡಿದುಕೊಂಡು ಕೂತುಕೊಳ್ಳಿ. ಮುಟ್ಟಿದರೆ ಎಚ್‌ಐವಿ ಬರುವುದಿಲ್ಲ. ಎಬಿಜಿ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.