ಹೊರಡುವ ಗಂಟೆ ಬರೆಸಿ

ಪ್ರಶ್ನೆ: ಗಣಪತಿ ಬಿಡೋಕೆ ಮುಂಚೆ ಪ್ರತಿ ವರ್ಷ ಠಾಣೆಯಲ್ಲಿ ಶಾಂತಿ ಸಭೆ ಮಾಡ್ತಾರೆ. ಎರಡೂ ಕಡೆ ಹಿರಿಯರು ಟೀ ಕುಡಿದು ಕೈಕುಲುಕಿ ಬರ್ತಾರೆ. ಆದ್ರೂ ಮೆರವಣಿಗೆ ಮಸೀದಿ ರಸ್ತೆಗೆ ಬಂದ್ರೆ ಎದೆ ಡವಡವ ಅನ್ನುತ್ತೆ. ಸಭೆಯಿಂದ ಏನಾದರೂ ಉಪಯೋಗ ಇದೆಯೇ?
(ಓದುಗರು, ಮಂಡ್ಯ ತಾಲ್ಲೂಕು)

ಉತ್ತರ: ಬರಬೇಕಾದವರು ಬಂದರೆ ಇದೆ. ಡಿಜೆ ಮುಂದೆ ಕುಣಿಯುವವರು ಇಪ್ಪತ್ತರ ಹುಡುಗರು, ಸಭೆಗೆ ಬರುವವರು ಅರವತ್ತರ ಯಜಮಾನರು. ಗಣಪತಿ ಕೂರಿಸುವ ಸಂಘದಿಂದ ಮೂವರು, ಮಸೀದಿ ಕಮಿಟಿ ಕಡೆಯಿಂದ ಮೂವರು ಹುಡುಗರನ್ನು ಕರೆಸಿ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಅವರು ಸಬ್ ಇನ್‌ಸ್ಪೆಕ್ಟರ್ ಜೊತೆ ಇಡೀ ದಾರಿ ನಡೆದು ನೋಡಲಿ. ಟ್ರ್ಯಾಕ್ಟರ್ ತಿರುಗದ ಮೂಲೆ, ಜೋತುಬಿದ್ದ ಕರೆಂಟ್ ತಂತಿ, ಮನೆ ಕಟ್ಟಲು ಸುರಿದ ಜಲ್ಲಿ ಎಲ್ಲಾ ಕಣ್ಣಿಗೆ ಬೀಳುತ್ತವೆ. ಜಲ್ಲಿಯನ್ನಂತೂ ಅಂದೇ ಎತ್ತಿಸಿ. ರೇಗಿದ ಕೈಗೆ ಮೊದಲು ಸಿಗುವುದು ಅದೇ.

ಲೆಕ್ಕ ತಪ್ಪುವುದು ಬಹುಪಾಲು ಹೊರಡುವ ಹೊತ್ತಿನಲ್ಲಿ. ಅನುಮತಿ ಪತ್ರದಲ್ಲಿ ಮಧ್ಯಾಹ್ನ 2 ಗಂಟೆ ಅಂತಿರುತ್ತದೆ. ಹೂವಿನ ಅಲಂಕಾರ ಮುಗಿದಿಲ್ಲ, ಅತಿಥಿ ಬಂದಿಲ್ಲ ಅಂತ 5 ಆಗುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ನಮ್ಮ ಕಡೆ ಹೊತ್ತು ಮುಳುಗುವುದು ಸುಮಾರು 6.20ಕ್ಕೆ, ಮಗ್ರಿಬ್ ನಮಾಜು ಅದರ ಬೆನ್ನಿಗೇ. ಮೂರೂವರೆಗೆ ಮಸೀದಿ ದಾಟಬೇಕಿದ್ದ ಟ್ರ್ಯಾಕ್ಟರ್ ಆರೂವರೆಗೆ ಅದರ ಬಾಗಿಲಲ್ಲೇ ನಿಂತಿರುತ್ತದೆ. ಅದಕ್ಕೇ ಹೊರಡುವ ಗಂಟೆ, ಮಸೀದಿ ದಾಟುವ ಗಂಟೆ, ತಡವಾದರೆ ಹಿಡಿಯುವ ಬೇರೆ ದಾರಿ, ಮೂರನ್ನೂ ಬರೆಸಿ ಎರಡೂ ಕಡೆಯವರ ಸಹಿ ಹಾಕಿಸಿ. ಮಿಲಾದ್ ಮೆರವಣಿಗೆ ದೇವಸ್ಥಾನದ ಮಂಗಳಾರತಿ ಹೊತ್ತಿಗೆ ಸಿಕ್ಕಿಕೊಳ್ಳದಂತೆಯೂ ಹೀಗೇ ನೋಡಿಕೊಳ್ಳಬೇಕು.

‘ರಸ್ತೆ ಯಾರಪ್ಪಂದು?’ ಅನ್ನುವವರು ಇದ್ದೇ ಇರುತ್ತಾರೆ. ಸಂವಿಧಾನದ 25ನೇ ವಿಧಿ ಕೊಟ್ಟಿರುವ ಧರ್ಮಾಚರಣೆಯ ಸ್ವಾತಂತ್ರ್ಯ ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟದ್ದು. ದಾರಿ, ವೇಳೆ ಗೊತ್ತುಮಾಡುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿದೆ. ಮೈಕಿಗೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಕೂಡದು ಎಂಬ 2000ದ ಶಬ್ದ ಮಾಲಿನ್ಯ ನಿಯಮ ಗುಡಿಗೂ ಒಂದೇ, ಮಸೀದಿಗೂ ಒಂದೇ.

ಹಬ್ಬ ಮುಗಿದ ಮೂರು ದಿನದೊಳಗೆ ಅದೇ ಆರು ಹುಡುಗರು ಮತ್ತೆ ಕೂರಲಿ. ಇದನ್ನು ಮಾಡುವ ಊರು ಕಮ್ಮಿ. ಎಲ್ಲಿ ತಡವಾಯಿತು, ಯಾವ ಹಳೇ ವಿಡಿಯೊ ‘ಈಗಷ್ಟೇ ನಡೆದದ್ದು’ ಅಂತ ಹರಿದಾಡಿತು ಅನ್ನುವುದೆಲ್ಲ ಮುಂದಿನ ವರ್ಷದ ಹೊತ್ತಿಗೆ ಮರೆತಿರುತ್ತದೆ.

ಪ್ರಶ್ನೆ: ತಮ್ಮನಿಗೆ 19 ವರ್ಷ. ಸದಾ ಯಾವುದೋ ಗ್ರೂಪು, ವಿಡಿಯೊ. ಬೇರೆ ಧರ್ಮದ ಬಾಲ್ಯದ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನೆ. ‘ಅವರಿಗೆ ಬುದ್ಧಿ ಕಲಿಸಬೇಕು’ ಅಂತಾನೆ. ಫೋನ್ ಕಿತ್ತುಕೊಳ್ಳಲೇ?
(ಓದುಗರು, ಮೈಸೂರು)

ಉತ್ತರ: ಬೇಡಿ. ಇನ್ನೊಂದು ಸಿಮ್ ತರುತ್ತಾನೆ, ಆಮೇಲೆ ನಿಮಗೆ ಏನೂ ಕಾಣುವುದಿಲ್ಲ. ಧರ್ಮದ ವಾದಕ್ಕೂ ಇಳಿಯಬೇಡಿ. ಉತ್ತರಗಳನ್ನು ಗ್ರೂಪಿನಲ್ಲೇ ಬಾಯಿಪಾಠ ಮಾಡಿಸಿರುತ್ತಾರೆ. ಕೆಲಸ ಸಿಗದ್ದು, ಕಾಲೇಜಿನಲ್ಲಿ ಆದ ಅವಮಾನ, ಇಂಥದ್ದು ಒಳಗೆ ಕೊರೆಯುತ್ತಿದೆಯೇ ಕೇಳಿ. ಅವನು ಮರ್ಯಾದೆ ಕೊಡುವ ಒಬ್ಬರು, ಸೋದರಮಾವನೋ ಕ್ರಿಕೆಟ್ ಟೀಮಿನ ಕ್ಯಾಪ್ಟನ್ನೋ, ವಾರಕ್ಕೆರಡು ಸಲ ಜೊತೆಗಿರಲಿ.

ಗಡ್ಡ ಬಿಟ್ಟ, ಮಾಲೆ ಹಾಕಿದ ಅಂತ ಗಾಬರಿ ಬೇಡ, ಅದು ಭಕ್ತಿ. ಎದುರಿನವರನ್ನು ಹುಳ, ಹಾವು ಅನ್ನುವುದು, ಮನೆಗೆ ಹೇಳದ ಪ್ರಯಾಣ, ಲೆಕ್ಕವಿಲ್ಲದ ದುಡ್ಡು, ಇವನ್ನು ಗಮನಿಸಿ. ದ್ವೇಷ ಬಿತ್ತುವ ಸಂದೇಶ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು ಅನ್ನುವುದನ್ನೂ ತಣ್ಣಗೆ ಕಿವಿಗೆ ಹಾಕಿ. ನಿದ್ದೆ ಕೆಟ್ಟು ಒಳಗೊಳಗೇ ಕುದಿಯುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಇಂಥ ದಿನ, ಇಂಥವರಿಗೆ ಹೊಡೆಯುತ್ತೇವೆ ಎಂಬ ಮಾತು ಬಂದರೆ, ಮನೆಯಲ್ಲಿ ಆಯುಧ ಕಂಡರೆ, ತಡಮಾಡದೆ 112.