ನಾಸ್ತಿಕನಿಗೆ ಯಾವ ನಂಬಿಕೆಯೂ ಇಲ್ಲವೇ?

ಪ್ರಶ್ನೆ: ನಾಸ್ತಿಕರಿಗೆ ಯಾವುದರಲ್ಲೂ ನಂಬಿಕೆಯಿಲ್ಲ, ಪಾಪಭೀತಿಯಿಲ್ಲದ ಕಾರಣ ನೀತಿಯೂ ಇಲ್ಲ ಎನ್ನುವುದು ಸರಿಯೇ? ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವ ಅಜ್ಞೇಯತಾವಾದಿಗಳೂ ಇವರೇ ತಾನೇ?

ಉತ್ತರ: ನಾಸ್ತಿಕ ಎಂಬ ಪದ ಇಂದು ದೇವರ ಅಸ್ತಿತ್ವವನ್ನು ಒಪ್ಪದವನನ್ನು ಸೂಚಿಸುತ್ತದೆಯಾದರೂ, ಭಾರತೀಯ ದರ್ಶನಗಳಲ್ಲಿ ಅದು ಮುಖ್ಯವಾಗಿ ವೇದಪ್ರಾಮಾಣ್ಯವನ್ನು ನಿರಾಕರಿಸಿದವರಿಗೆ ಸಲ್ಲುತ್ತಿತ್ತು. ಆದ್ದರಿಂದಲೇ ಸೃಷ್ಟಿಕರ್ತನಾದ ಈಶ್ವರನ ಅಗತ್ಯವನ್ನೇ ಕಾಣದಿದ್ದರೂ ವೇದವನ್ನು ಪ್ರಮಾಣವೆಂದು ಒಪ್ಪಿದ ಪೂರ್ವಮೀಮಾಂಸೆ ಆಸ್ತಿಕ ದರ್ಶನವೆನಿಸಿತು. ಇಂದಿನ ಅರ್ಥವನ್ನೇ ಹಿಡಿದು ಕುಳಿತವರಿಗೆ ಇದು ತುಸು ಗಲಿಬಿಲಿಯನ್ನುಂಟುಮಾಡುವ ಸಂಗತಿ.

ದೇವರನ್ನು ನಂಬದವನು ಮನುಷ್ಯರನ್ನು, ತರ್ಕವನ್ನು, ಕೊಟ್ಟ ಮಾತನ್ನು ನಂಬಬಾರದೆಂದೇನೂ ಇಲ್ಲ. ನಿರ್ಜನ ದಾರಿಯಲ್ಲಿ ಸಿಕ್ಕ ಪರ್ಸನ್ನು ವಾರಸುದಾರನಿಗೆ ತಲುಪಿಸುವವನನ್ನು ಕಾರಣ ಕೇಳಿ ನೋಡಿ: ನರಕದ ಮಾತಿಗಿಂತ ಮೊದಲು, ಕಳೆದುಕೊಂಡವನು ಪಡುತ್ತಿರಬಹುದಾದ ಸಂಕಟದ ಮಾತೇ ಬರುವ ಸಂಭವ ಹೆಚ್ಚು. ಆ ಕನಿಕರ ಆಸ್ತಿಕರಲ್ಲಿಯೂ ಇದೆ, ನಾಸ್ತಿಕರಲ್ಲಿಯೂ ಇದೆ. ಮೋಸಗಾರರೂ ಎರಡೂ ಕಡೆ ಇದ್ದಾರೆನ್ನಿ.

ಅಜ್ಞೇಯತಾವಾದವನ್ನು ಸೂಚಿಸುವ ಇಂಗ್ಲಿಷ್ ಪದವನ್ನು 1869ರಲ್ಲಿ ಟಂಕಿಸಿದವರು ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ. ಆ ವಾದ ದೇವರಿರುವುದನ್ನು ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆಗೆ ಸಂಬಂಧಿಸಿದ್ದು, ನಾಸ್ತಿಕತೆ ‘ದೇವರನ್ನು ನಂಬುವೆಯಾ’ ಎಂಬ ಪ್ರಶ್ನೆಗೆ. ‘ತಿಳಿಯಲಾಗದು, ಆದ್ದರಿಂದ ನಂಬಿಲ್ಲ’ ಎನ್ನುವವರು ಎರಡಕ್ಕೂ ಸೇರುತ್ತಾರೆ.