ಸ್ಲೈಡ್ ತಾನಾಗೇ ಮುಂದಕ್ಕೆ ಹೋಗ್ತಿದೆಯಾ?

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಮೇಷ್ಟ್ರು. ದ್ಯುತಿಸಂಶ್ಲೇಷಣೆ ಪಾಠಕ್ಕೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡ್ಕೊಂಡಿದೀನಿ. ಮನೇಲಿ ಪ್ರಾಕ್ಟೀಸ್ ಮಾಡಿದ ಮೇಲೆ ನಾನು ಮೌಸ್ ಮುಟ್ಟದೆ ಇದ್ರೂ ಸ್ಲೈಡ್ ಮುಂದೆ ಹೋಗ್ಬಿಡುತ್ತೆ, ಮಕ್ಕಳು ಬರ್ಕೊಂಡು ಮುಗಿಸಿರೋದೇ ಇಲ್ಲ. ವೈರಸ್ ಇರಬಹುದಾ?

ಉತ್ತರ: ವೈರಸ್ ಅಲ್ಲ ಮೇಷ್ಟ್ರೇ. ಪ್ರಾಕ್ಟೀಸ್ ಮಾಡೋವಾಗ ಸ್ಲೈಡ್ ಶೋ ಟ್ಯಾಬ್‌ನಲ್ಲಿ ರಿಹರ್ಸ್ ಟೈಮಿಂಗ್ಸ್ ಒತ್ತಿರ್ತೀರಿ, ಮೂಲೇಲಿ ಸೆಕೆಂಡ್ ಓಡ್ತಿರುತ್ತೆ, ಕೊನೆಗೆ ಈ ಟೈಮಿಂಗ್ ಸೇವ್ ಮಾಡ್ಲಾ ಅಂತ ಕೇಳಿದಾಗ ಯೆಸ್ ಅಂದಿರ್ತೀರಿ, ಅಷ್ಟೇ, ಯಾವ ಸ್ಲೈಡ್‌ನಲ್ಲಿ ಎಷ್ಟು ಹೊತ್ತು ನಿಂತ್ರಿ ಅನ್ನೋದು ಫೈಲ್ ಒಳಗೇ ಕೂತ್ಬಿಡುತ್ತೆ. ಬೇಕಿದ್ರೆ ಸ್ಲೈಡ್ ಸಾರ್ಟರ್ ವ್ಯೂಗೆ ಹೋಗಿ ನೋಡಿ, ಪ್ರತಿ ಚಿತ್ರದ ಕೆಳಗೂ ಆ ಟೈಮ್ ಕಾಣುತ್ತೆ.

ಸ್ಲೈಡ್ ಶೋ ಟ್ಯಾಬ್‌ನಲ್ಲೇ ಯೂಸ್ ಟೈಮಿಂಗ್ಸ್ ಅಂತ ಒಂದು ಟಿಕ್ ಇದೆ, ಅದನ್ನ ತೆಗೀರಿ ಸಾಕು. ಟೈಮ್ ಅಳಿಸಿಹೋಗಲ್ಲ, ಸುಮ್ನೆ ಲೆಕ್ಕಕ್ಕೆ ತಗೊಳ್ಳಲ್ಲ. ಪೂರ್ತಿ ತೆಗೀಬೇಕು ಅಂದ್ರೆ ಟ್ರಾನ್ಸಿಷನ್ಸ್ ಟ್ಯಾಬ್‌ನ ಬಲತುದೀಲಿ ಆಫ್ಟರ್ ಅನ್ನೋ ಟಿಕ್ ತೆಗ್ದು ಆನ್ ಮೌಸ್ ಕ್ಲಿಕ್ ಮಾತ್ರ ಉಳಿಸಿ, ಅಪ್ಲೈ ಟು ಆಲ್ ಒತ್ತಿ, ಆದ್ರೆ ಆ ಬಟನ್ ಈ ಸ್ಲೈಡ್‌ನ ಟ್ರಾನ್ಸಿಷನ್ ಎಫೆಕ್ಟನ್ನೂ ಎಲ್ಲಾ ಸ್ಲೈಡ್‌ಗೂ ಹಾಕುತ್ತೆ ಅನ್ನೋದು ನೆನಪಿರ್ಲಿ. ಕ್ಲಾಸ್ ನಡೀತಿರೋವಾಗಲೇ ಓಡೋಕೆ ಶುರುವಾದ್ರೆ ಕೀಬೋರ್ಡಲ್ಲಿ ಎಸ್ ಒತ್ತಿ, ನಿಲ್ಲುತ್ತೆ, ಮತ್ತೆ ಒತ್ತಿದ್ರೆ ಹೊರಡುತ್ತೆ.

ನನ್ನ ಕೇಳಿದ್ರೆ ಪಾಠಕ್ಕೆ ಟೈಮಿಂಗ್ ಬೇಡ್ವೇ ಬೇಡ. ಹಿಂದಿನ ಬೆಂಚಿನ ಹುಡುಗ ಎದ್ದುನಿಂತು ಸಾರ್ ರಾತ್ರಿ ಹೊತ್ತು ಗಿಡ ಏನ್ಮಾಡುತ್ತೆ ಅಂತ ಕೇಳಿದ್ರೆ ಅವನಿಗೆ ಉತ್ತರ ಸಿಗೋವರೆಗೂ ಸ್ಲೈಡ್ ನಿಂತಿರಬೇಕು. ವಿಜ್ಞಾನ ಮೇಳದ ಸ್ಟಾಲಲ್ಲಿ ಯಾರೂ ಮುಟ್ಟದೇ ಓಡ್ತಾನೇ ಇರಬೇಕು ಅಂದಾಗ ಮಾತ್ರ ಇಟ್ಕೊಳ್ಳಿ, ಆಗ ಸೆಟ್ ಅಪ್ ಸ್ಲೈಡ್ ಶೋನಲ್ಲಿ ಕಿಯೋಸ್ಕ್ ಆರಿಸಿದ್ರೆ ಎಸ್ಕೇಪ್ ಒತ್ತೋವರೆಗೂ ಸುತ್ತುತ್ತಾ ಇರುತ್ತೆ.

ಪ್ರಶ್ನೆ: ಆನಿಮೇಷನ್ ಪ್ರಿವ್ಯೂನಲ್ಲಿ ಎಲ್ಲಾ ಸರಿಯಾಗಿ ಬರುತ್ತೆ, ಶೋ ಹಾಕಿದ್ರೆ ಬಾಣದ ಗುರುತು ಬರೋದೇ ಇಲ್ಲ, ಯಾಕೆ?

ಉತ್ತರ: ಪ್ರಿವ್ಯೂ ಬಟನ್ ನಿಮ್ಮ ಕ್ಲಿಕ್‌ಗೆ ಕಾಯಲ್ಲ, ಎಲ್ಲವನ್ನೂ ಒಂದರ ಹಿಂದೆ ಒಂದು ತೋರಿಸ್ಕೊಂಡು ಹೋಗುತ್ತೆ. ಶೋನಲ್ಲಿ ಆನ್ ಕ್ಲಿಕ್ ಅಂತ ಇದ್ರೆ ಕ್ಲಿಕ್ ಆದ್ಮೇಲೇ ಬರೋದು. ಆನಿಮೇಷನ್ ಪೇನ್ ತೆರೆದು ಬಾಣದ ಸಾಲನ್ನ ನೋಡಿ, ಪಕ್ಕದಲ್ಲಿ ಮೌಸ್ ಚಿತ್ರ ಇದ್ರೆ ಅದು ಕ್ಲಿಕ್‌ಗೆ ಕಾಯ್ತಿದೆ ಅಂತ, ಹಿಂದಿನದು ಮುಗಿದ ಕೂಡ್ಲೇ ಬರ್ಲಿ ಅಂದ್ರೆ ಆಫ್ಟರ್ ಪ್ರೀವಿಯಸ್ ಮಾಡಿ. ಚೆಕ್ ಮಾಡೋಕೆ ಪ್ರಿವ್ಯೂ ನಂಬ್ಕೋಬೇಡಿ, ಶಿಫ್ಟ್ ಹಿಡಿದು ಎಫ್5 ಒತ್ತಿ, ನೀವಿರೋ ಸ್ಲೈಡಿಂದಲೇ ನಿಜವಾದ ಶೋ ಶುರುವಾಗುತ್ತೆ. ಬರೀ ಎಫ್5 ಒತ್ತಿದ್ರೆ ಮೊದಲನೇ ಸ್ಲೈಡಿಂದ.

ಪ್ರಶ್ನೆ: ಮೀಟಿಂಗಲ್ಲಿ ಸಾಹೇಬ್ರು ಹಳೇ ಸ್ಲೈಡ್ ತೋರ್ಸಿ ಅಂದಾಗ ಎಲ್ಲರೆದುರು ಬಾಣದ ಕೀ ಒತ್ಕೊಂಡು ಹಿಂದೆ ಹೋಗೋದು ಮುಜುಗರ. ಇನ್ನೊಂದು, ನನ್ನ ನೋಟ್ಸ್ ಪ್ರೊಜೆಕ್ಟರಲ್ಲಿ ಕಾಣ್ಸುತ್ತೆ, ಸ್ಲೈಡ್ ಲ್ಯಾಪ್‌ಟಾಪಲ್ಲಿ!

ಉತ್ತರ: ಸ್ಲೈಡ್ ನಂಬರ್ ಟೈಪ್ ಮಾಡಿ ಎಂಟರ್ ಒತ್ತಿ, 12 ಎಂಟರ್ ಅಂದ್ರೆ ನೇರ 12ಕ್ಕೆ. ಅದಕ್ಕೇ ಸ್ಲೈಡ್‌ಗಳ ಪಟ್ಟಿ ಒಂದು ಪ್ರಿಂಟ್ ತೆಗ್ದು ಕೈಲಿಟ್ಕೊಳ್ಳಿ, ತುಂಬಾ ಉಪಯೋಗ. ಚರ್ಚೆ ಬೇರೆ ಕಡೆ ಹೋದ್ರೆ ಬಿ ಒತ್ತಿ, ಪರದೆ ಕಪ್ಪಾಗುತ್ತೆ, ಜನ ನಿಮ್ಮ ಮುಖ ನೋಡ್ತಾರೆ, ಮತ್ತೆ ಬಿ ಒತ್ತಿದ್ರೆ ವಾಪಸ್ ಅದೇ ಸ್ಲೈಡ್. ನೋಟ್ಸ್ ಅದಲು ಬದಲಾಗಿರೋದಕ್ಕೆ ಪ್ರೆಸೆಂಟರ್ ವ್ಯೂನ (ನೋಟ್ಸ್ ನಿಮಗೆ ಮಾತ್ರ ಕಾಣೋ ಪರದೆ) ಮೇಲ್ಗಡೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ವಾಪ್ ಅಂತಿದೆ, ಅದು ಸಾಕು. ಪ್ರೊಜೆಕ್ಟರ್ ಇಲ್ದೇನೂ ಮನೇಲೇ ಇದನ್ನೆಲ್ಲ ನೋಡ್ಕೋಬೇಕಾ, ಆಲ್ಟ್ ಎಫ್5 ಒತ್ತಿ, ಒಂದೇ ಸ್ಕ್ರೀನ್ ಮೇಲೆ ಪ್ರೆಸೆಂಟರ್ ವ್ಯೂ ಬರುತ್ತೆ, 2013ರ ಆವೃತ್ತಿಯಿಂದ ಈಚೆಗೆ ಈ ಸೌಲಭ್ಯ ಇದೆ.

ಪ್ರಶ್ನೆ: ನಮ್ಮಲ್ಲಿ ಲಿಬ್ರೆಆಫೀಸ್ ಇರೋದು, ಇವೆಲ್ಲ ಆಗುತ್ತಾ?

ಉತ್ತರ: ಎಫ್5, ಬಿ, ನಂಬರ್ ಒತ್ತಿ ಎಂಟರ್, ಮೂರೂ ಲಿಬ್ರೆಆಫೀಸಿನ ಸ್ಲೈಡ್ ಪ್ರೋಗ್ರಾಂ ಆದ ಇಂಪ್ರೆಸ್‌ನಲ್ಲೂ ಹೀಗೇ ನಡಿಯುತ್ತೆ.